ಭೂಮಿಗೆ ವಿಷವೆಂದ ಕಬ್ಬಿಣದ ನೇಗಿಲು

ಕುಕನೂರು, ಯಲಬುರ್ಗಾ ಸುತ್ತಿನದು ಎರೆ ಸೀಮೆ. ಇಲ್ಲಿನ ಒಕ್ಕಲಿಗ ಶತಮಾನಗಳ ಕಾಲ ನೆಚ್ಚಿದ್ದು ಮರದ ನೇಗಿಲನ್ನು. ಅದನ್ನು ಕೆತ್ತುವವನು ಊರಿನ ಬಡಿಗೇರ. ಕುಳ ತಟ್ಟಿ ಕೊಡುವವನು ಕಂಬಾರ. ಕೂಲಿಯೂ ಹಣವಲ್ಲ, ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುವ ಆಯದ ಕಾಳು. ಇಂಥ ಬದುಕಿನೊಳಗೆ ಕಾರ್ಖಾನೆಯ ನೇಗಿಲು ಪ್ರವೇಶಿಸಿದ್ದು ಅಷ್ಟು ಸುಲಭವಾಗಿ ಅಲ್ಲ.

ಆ ಕತೆ ಆರಂಭವಾಗುವುದು ಬೆಳಗಾವಿಯಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯಲ್ಲಿ ಚಿತ್ರಕಲೆ ಕಲಿತವರು, ಅಲ್ಲಿಯೇ ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿಸಿದವರು. ಸೋದರ ರಾಮಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಬಳಿಕ ಸಣ್ಣ ಕಾರ್ಯಾಗಾರವೊಂದರಲ್ಲಿ ಮೇವು ಕತ್ತರಿಸುವ ಯಂತ್ರ ತಯಾರಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲು ಹೊರಬಂತು.

ಮರದ ನೇಗಿಲು ನೆಲವನ್ನು ಸೀಳುತ್ತದೆ, ಅಷ್ಟೆ. ಕಬ್ಬಿಣದ್ದು ಮಣ್ಣನ್ನು ಅಡಿಯಿಂದ ಕತ್ತರಿಸಿ ಮಗುಚಿ ಹಾಕುತ್ತದೆ. ಎರೆ ಹೊಲದ ಆಳದಲ್ಲಿ ಹಬ್ಬಿದ ಕರಿಕೆಯ ಬೇರು ಮೇಲೆ ಬಂದು ಬೇಸಿಗೆಯ ಬಿಸಿಲಿಗೆ ಒಣಗುತ್ತದೆ. ಆದರೆ ಕಬ್ಬಿಣ ತಾಗಿದರೆ ಭೂಮಿ ವಿಷವಾದೀತೆಂದು ರೈತರು ಹಿಂಜರಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಭಾರದ ನೇಗಿಲು ಎಳೆಯಲು ಒಂದು ಜೋಡಿ ಎತ್ತು ಸಾಲದು. ಬೆಲೆಯನ್ನೂ ಕಾಳಿನಲ್ಲಿ ಅಲ್ಲ, ರೊಕ್ಕದಲ್ಲಿ ಕೊಡಬೇಕು. ರೈತನ ಅನುಮಾನವನ್ನು ಬರಿಯ ಮೂಢನಂಬಿಕೆ ಎನ್ನಲಾಗದು.

ಬೇಡಿಕೆ ಕುದುರುವಷ್ಟರಲ್ಲಿ ಹೊಸ ಸಂಕಟ ಎದುರಾಯಿತು. ಊರು ಬೆಳೆಸಲು ಬೆಳಗಾವಿ ಪುರಸಭೆಗೆ ಕಾರ್ಖಾನೆಯ ಜಾಗ ಬೇಕಾಯಿತು. ಔಂಧ್ ಸಂಸ್ಥಾನದ ದೊರೆ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ನೆಲವನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಕೆಲಸಗಾರರು ಸಂಸಾರಸಹಿತ ಅಲ್ಲಿಗೆ ಹೊರಟರು. ಕಳ್ಳಿ, ಹಾವುಗಳ ಆ ಜಾಗದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕಾರ್ಖಾನೆಯ ಜತೆಗೆ ಮನೆ, ಶಾಲೆಗಳೂ ಬಂದವು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣಕ್ಕೆ ಬರ ಬಂದಾಗ ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ಫಿರಂಗಿಗಳನ್ನು ಒದಗಿಸಿದರು. ಕುಲುಮೆಯಲ್ಲಿ ಫಿರಂಗಿ ಕರಗಿ ನೇಗಿಲಾಯಿತು!

ಕನ್ನಡ ನಾಡಿನಿಂದ ಹೊರಹೋದ ಉದ್ಯಮ 1941ರಲ್ಲಿ ತುಂಗಭದ್ರಾ ತೀರದ ಹರಿಹರಕ್ಕೆ ಮರಳಿತು. ಅಲ್ಲಿನ ಮೈಸೂರು ಕಿರ್ಲೋಸ್ಕರ್ ತಯಾರಿಸಿದ್ದು ಲೇತ್, ಅಂದರೆ ಉಪಕರಣಗಳನ್ನೇ ತಯಾರಿಸುವ ಯಂತ್ರ. ಎರಡು ತಲೆಮಾರಿನ ಕಾರ್ಮಿಕರಿಗೆ ಅನ್ನವಿತ್ತ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಲಕ್ಷ್ಮಣರಾಯರ ಹೆಸರಿನ ಶಾಲೆ ಅಲ್ಲಿ ಉಳಿದಿದೆ. ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಇದೇ ಮನೆತನದ ಹೆಸರಿನ ಕುಲುಮೆ 1990ರ ದಶಕದಿಂದ ಬೀಡುಕಬ್ಬಿಣ ಕರಗಿಸುತ್ತಿದೆ.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಕಬ್ಬಿಣದ ನೇಗಿಲಿಗೂ ಮರದ ನೇಗಿಲಿನ ಗತಿಯೇ ಆಯಿತು. ಹಳೆಯ ಉಪಕರಣಕ್ಕೆ ವಸ್ತುಸಂಗ್ರಹಾಲಯದಲ್ಲಿ ಜಾಗ ಸಿಕ್ಕೀತು. ಅದನ್ನು ತಟ್ಟಿದ ಕಂಬಾರನಿಗೆ, ಎರಕ ಹೊಯ್ದ ಕಾರ್ಮಿಕನಿಗೆ ಹೊಸ ಕೆಲಸ ಹುಡುಕಿಕೊಡುವ ಹೊಣೆ ಮಾತ್ರ ಪ್ರತಿ ಬದಲಾವಣೆಯಲ್ಲೂ ಅವರ ಹೆಗಲಿಗೇ ಬಿದ್ದಿದೆ.