ಗಣಿಯ ಹಕ್ಕಿ, ಮನೆಯ ಅಲಾರಂ

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತರು. ಸಾವಿನ ಕಾರಣ ಹುಡುಕಿ ಹೋದ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್‌ಗೆ ಕಂಡದ್ದೇ ಬೇರೆ: ಬಹುಪಾಲು ಜನರನ್ನು ಕೊಂದದ್ದು ಸ್ಫೋಟದ ಹೊಡೆತವಲ್ಲ, ಆಮೇಲೆ ಸುರಂಗದಲ್ಲಿ ಹರಡಿದ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಮಂಪರು. ಕೊನೆಗೆ ಎದ್ದು ಬಾಗಿಲು ತೆರೆಯುವಷ್ಟು ತ್ರಾಣವೂ ಉಳಿಯುವುದಿಲ್ಲ. ಹಾಲ್ಡೇನ್ ಈ ಅನಿಲವನ್ನು ತಾವೇ ಉಸಿರಾಡಿ ಲಕ್ಷಣಗಳನ್ನು ಬರೆದಿಟ್ಟವರು. ಮನುಷ್ಯನಿಗಿಂತ ಮೊದಲೇ ಕುಸಿಯುವ ಪುಟ್ಟ ಪ್ರಾಣಿಯನ್ನು ಜೊತೆಗೆ ಒಯ್ಯಿರಿ ಎಂಬ ಅವರ ಸಲಹೆಯಿಂದಲೇ ಕ್ಯಾನರಿ ಹಕ್ಕಿಯ ಪಂಜರ ಗಣಿಗಿಳಿಯಿತು. ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ಸಾಧನ ತರುವ ತೀರ್ಮಾನವಾದದ್ದು 1986ರಲ್ಲಿ.

ಅದೇ ಅನಿಲ ಮನೆಯೊಳಗೂ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರ ಸುದ್ದಿ, ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿನ ಸುದ್ದಿ ಓದಿದವರಿಗೆ ಇದು ಗೊತ್ತು. ಹೊಗೆಯ ಅಲಾರಂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಹಿಡಿಯುವುದು ಹೊಗೆಯ ಕಣಗಳನ್ನು. ಈ ಅನಿಲಕ್ಕೆ ಬೇರೆಯೇ ಅಲಾರಂ ಬೇಕು.

ಆದರೂ ಇಂಗ್ಲೆಂಡಿನ ಬಾಡಿಗೆ ಮನೆಗಳಿಗೆ ಅದನ್ನು ಕಡ್ಡಾಯ ಮಾಡುವ ನಿಯಮ ಬಂದದ್ದು 2015ರ ಅಕ್ಟೋಬರ್ 1ರಂದು, ಅದೂ ಅರೆಬರೆಯಾಗಿ. ಖಾಸಗಿ ಮಾಲೀಕರು ಪ್ರತಿ ಮಹಡಿಗೂ ಹೊಗೆಯ ಅಲಾರಂ ಹಾಕಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಾತ್ರ ಸೌದೆ, ಕಲ್ಲಿದ್ದಲು ಉರಿಸುವ ಕೋಣೆಗಷ್ಟೆ ಸಾಕು. ತಪ್ಪಿದರೆ 5,000 ಪೌಂಡ್‌ವರೆಗೆ ದಂಡ. ಗ್ಯಾಸ್ ಬಾಯ್ಲರ್ ಈ ನಿಯಮದಿಂದ ಹೊರಗುಳಿಯಿತು. ಅದಕ್ಕೆ ವರ್ಷಕ್ಕೊಂದು ತಪಾಸಣೆ 1998ರ ನಿಯಮದಲ್ಲೇ ಇತ್ತು, ನಿಜ. ಆದರೆ ತಪಾಸಣೆ ಮುಗಿದ ಮರುವಾರವೇ ಹೊಗೆಕೊಳವೆ ಕಟ್ಟಿಕೊಂಡರೆ ಮಲಗಿದವರನ್ನು ಎಬ್ಬಿಸುವವರು ಯಾರು?

ಈ ಲೋಪ ಸರಿಹೋಗಲು ಏಳು ವರ್ಷ ಹಿಡಿಯಿತು. 2022ರ ಅಕ್ಟೋಬರ್ 1ರಿಂದ ಗ್ಯಾಸ್ ಬಾಯ್ಲರ್ ಇರುವ ಕೋಣೆಗೂ ಅಲಾರಂ ಬೇಕಾಯಿತು, ಕೌನ್ಸಿಲ್ ಮನೆಗಳೂ ನಿಯಮದೊಳಗೆ ಬಂದವು. ಕೆಟ್ಟಿದೆ ಎಂದು ಬಾಡಿಗೆದಾರ ತಿಳಿಸಿದರೆ ರಿಪೇರಿ ಮಾಡಿಸುವುದೋ ಬದಲಿಸುವುದೋ ಮಾಲೀಕರ ಹೊಣೆಯಾಯಿತು. ಬಾಡಿಗೆ ಶುರುವಾದ ದಿನ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಅವರೇ ನೋಡಬೇಕೆಂಬುದು 2015ರಿಂದಲೂ ಇತ್ತು. ಅಡುಗೆಯ ಗ್ಯಾಸ್ ಒಲೆಗೆ ಮಾತ್ರ 2022ರಲ್ಲೂ ವಿನಾಯಿತಿ ಉಳಿಯಿತು.