ಮನಸ್ಸಿನ ಏರಿಳಿತಕ್ಕೆ ಸಿಕ್ಕ ಲಿಥಿಯಂ: ಅಳತೆ ಕಲಿಸಿದ ಪಾಠ

ಕೆಲವು ವಾರ ನಿದ್ದೆಯಿಲ್ಲದ ಓಡಾಟ, ನಿಲ್ಲದ ಮಾತು, ಸಾಲ ಮಾಡಿ ದುಂದುವೆಚ್ಚ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗದ ಖಿನ್ನತೆ. ಹೀಗೆ ಮತ್ತೆ ಮತ್ತೆ ಬರುವ ಕಾಯಿಲೆಯೇ ಬೈಪೋಲಾರ್. ಇದನ್ನು ಗಾಳಿ ಸೋಕಿದ್ದು, ಗ್ರಹಚಾರ ಎನ್ನುವವರು ಇನ್ನೂ ಇದ್ದಾರೆ. ಆದರೆ ಇದಕ್ಕೆ ಔಷಧಿ ಸಿಕ್ಕಿ ಮುಕ್ಕಾಲು ಶತಮಾನವಾಯಿತು.

ಜಾನ್ ಕೇಡ್ ಆಸ್ಟ್ರೇಲಿಯಾದ ವೈದ್ಯ. ಎರಡನೇ ಮಹಾಯುದ್ಧದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಜಪಾನೀಯರ ಸೆರೆಯಲ್ಲಿದ್ದವರು. ಬಿಡುಗಡೆಯಾದ ಮೇಲೆ ಮೆಲ್ಬರ್ನ್ ಹತ್ತಿರದ ಬುಂಡೂರಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಉನ್ಮಾದದ ರೋಗಿಗಳ ಮೂತ್ರದಲ್ಲಿ ಏನೋ ವಿಷವಿದೆ ಎಂಬುದು ಅವರ ಊಹೆ. ಪರೀಕ್ಷೆಗಾಗಿ ಗಿನಿಪಿಗ್‌ಗಳಿಗೆ ಯೂರಿಕ್ ಆಮ್ಲ ಚುಚ್ಚಬೇಕಿತ್ತು. ಅದು ನೀರಿನಲ್ಲಿ ಸುಲಭವಾಗಿ ಕರಗದು. ಅದಕ್ಕೇ ಚೆನ್ನಾಗಿ ಕರಗುವ ಅದರ ಲಿಥಿಯಂ ಲವಣವನ್ನು ಬಳಸಿದರು. ಚುಚ್ಚಿದ ಪ್ರಾಣಿಗಳು ಗಾಬರಿ ಬಿಟ್ಟು ಸುಮ್ಮನೆ ಮಲಗಿದವು. ಊಹೆ ತಪ್ಪಾಗಿತ್ತು, ಔಷಧಿ ಸಿಕ್ಕಿತ್ತು.

1948ರಲ್ಲಿ, ಐದು ವರ್ಷದಿಂದ ಉನ್ಮಾದದಲ್ಲಿದ್ದ 51 ವರ್ಷದ ಒಬ್ಬರಿಗೆ ಕೇಡ್ ಲಿಥಿಯಂ ಕೊಟ್ಟರು. ಕೆಲವೇ ತಿಂಗಳಲ್ಲಿ ಆತ ಮನೆಗೆ ಹೋಗಿ ಹಳೆಯ ಕೆಲಸಕ್ಕೂ ಸೇರಿದರು. 1949ರಲ್ಲಿ ಕೇಡ್ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ರೋಗಿ ಮಾತ್ರೆ ಬಿಟ್ಟರು, ಕಾಯಿಲೆ ಮರಳಿತು. ಮತ್ತೆ ಔಷಧಿ ಶುರುವಾಯಿತು. 1950ರಲ್ಲಿ ಮೈಯಲ್ಲಿ ಲಿಥಿಯಂ ವಿಷವೇರಿ ಅವರು ತೀರಿಕೊಂಡರು. ಅದೇ ಕಾಲಕ್ಕೆ ಅಮೆರಿಕದಲ್ಲಿ ಅಡುಗೆ ಉಪ್ಪಿನ ಬದಲು ಲಿಥಿಯಂ ಲವಣ ತಿಂದ ಕೆಲವು ಹೃದ್ರೋಗಿಗಳೂ ಸತ್ತರು.

ಔಷಧಿಯನ್ನು ಉಳಿಸಿದ್ದು ಅಳತೆ. ಮೆಲ್ಬರ್ನ್‌ನ ಎಡ್ವರ್ಡ್ ಟ್ರಾಟ್ನರ್ ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ನೋಡಿ ಔಷಧಿ ಕೊಡುವ ಕ್ರಮಕ್ಕೆ ದಾರಿ ಮಾಡಿದರು. ಡೆನ್ಮಾರ್ಕಿನ ಮೊಗೆನ್ಸ್ ಶೌ 1954ರಿಂದ ಅದರ ಗುಣವನ್ನು ಪರೀಕ್ಷೆಗಳಲ್ಲಿ ತೋರಿಸಿದರು. 1970ರಲ್ಲಿ ಅಮೆರಿಕವೂ ಒಪ್ಪಿತು.

ಈಗಿನ ಪ್ರಶ್ನೆ, ಲಿಥಿಯಂ ಯಾರಿಗೆ ಹಿಡಿಸುತ್ತದೆ ಎಂಬುದು. 2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ರೋಗಿಗಳ ಚರ್ಮದ ಕೋಶಗಳಿಂದ ನರಕೋಶ ಬೆಳೆಸಿದರು. ಅವು ಅತಿಯಾಗಿ ಚುರುಕಾಗಿದ್ದವು. ಲಿಥಿಯಂನಿಂದ ಗುಣ ಕಂಡವರ ಕೋಶಗಳನ್ನು ಮಾತ್ರ ಲಿಥಿಯಂ ತಣಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ರೋಗಿಗಳ ಕುಟುಂಬದವರ ಕೋಶಗಳ ಅಧ್ಯಯನ ನಡೆದಿದೆ.

ಇತಿಹಾಸದ ಪಾಠ ಇಂದಿಗೂ ಅದೇ. ಬಿಸಿಲಲ್ಲಿ ಬೆವರು ಸುರಿದಾಗ, ವಾಂತಿ ಭೇದಿಯಾದಾಗ, ಉಪ್ಪನ್ನು ಒಮ್ಮೆಲೇ ಬಿಟ್ಟಾಗ, ಕೆಲವು ನೋವಿನ ಮಾತ್ರೆ ನುಂಗಿದಾಗ ರಕ್ತದಲ್ಲಿ ಲಿಥಿಯಂ ಏರಬಹುದು. ಜೋರು ನಡುಕ, ತೊದಲು, ತೂರಾಟ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೇಳಿದಾಗಲೆಲ್ಲ ರಕ್ತ ಪರೀಕ್ಷೆ ಮಾಡಿಸಿ. ಗುಣವಾಯಿತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.