ಸ್ಲಾಟಿನಲ್ಲಿ ಕೂತಿದ್ದ ಕನ್ನಡ

ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಬದಲಿಸಬೇಕೇ ಎಂದು ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ: ಹದಿನೈದು ವರ್ಷ ದಾಟಿದ ಯಂತ್ರಕ್ಕೆ ದುಡ್ಡು ಸುರಿಯಬೇಡಿ, ಹೊಸದು ತಗೊಳ್ಳಿ. ದುಡ್ಡಿನ ಲೆಕ್ಕದಲ್ಲಿ ಈ ಮಾತು ಸರಿ. ಆದರೆ ಕನ್ನಡದ ಇತ್ತೀಚಿನ ಮುದ್ರಣದ ಚರಿತ್ರೆ ಓದುವವರಿಗೆ ಮದರ್‌ಬೋರ್ಡ್ ಬರೀ ಬಿಡಿಭಾಗವಲ್ಲ. ಒಂದು ಕಾಲದಲ್ಲಿ ಕಂಪ್ಯೂಟರಿನ ಕನ್ನಡ ಅಕ್ಷರಶಃ ಅದರ ಮೇಲೆ ಕೂತಿತ್ತು.

1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ಮದರ್‌ಬೋರ್ಡಿನಲ್ಲಿ ಐದು ಸ್ಲಾಟುಗಳಿದ್ದವು. ಪರದೆಗೊಂದು ಕಾರ್ಡು, ಫ್ಲಾಪಿಗೊಂದು ಕಾರ್ಡು, ಉಳಿದವು ನಿಮ್ಮಿಷ್ಟ. ಬೋರ್ಡಿನ ನಕ್ಷೆಯನ್ನು ಐಬಿಎಂ ಕೈಪಿಡಿಯಲ್ಲೇ ಅಚ್ಚು ಹಾಕಿತ್ತು. ಹಾಗಾಗಿ ಯಾರು ಬೇಕಾದರೂ ಆ ಸ್ಲಾಟಿಗೆ ಹೊಂದುವ ಕಾರ್ಡು ಮಾಡಬಹುದಿತ್ತು. ಭಾರತೀಯ ಲಿಪಿಗಳು ಕಂಪ್ಯೂಟರಿಗೆ ಬಂದ ದಾರಿಗಳಲ್ಲಿ ಇದೂ ಒಂದು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಮುಂದೆ ಪುಣೆಯ ಸಿ-ಡ್ಯಾಕ್ ಮೂಲಕ ಹರಡಿದ ಜಿಸ್ಟ್ ಕಾರ್ಡನ್ನು ಸ್ಲಾಟಿಗೆ ಸಿಕ್ಕಿಸಿದರೆ ಇಂಗ್ಲಿಷ್ ಮಾತ್ರ ಬರುತ್ತಿದ್ದ ಡಾಸ್ ಪರದೆಯಲ್ಲಿ ಕನ್ನಡವೂ ಮೂಡುತ್ತಿತ್ತು. ಒತ್ತಕ್ಷರ ಎಲ್ಲಿ ಬರಬೇಕು, ಗುಣಿತ ಹೇಗೆ ಕೂಡಬೇಕು ಎಂಬುದನ್ನೆಲ್ಲ ಕಾರ್ಡೇ ನೋಡಿಕೊಳ್ಳುತ್ತಿತ್ತು. ಕಾರ್ಡು ಕಿತ್ತರೆ ಕನ್ನಡವೂ ಹೋಯಿತು.

ಈ ಹಂಗನ್ನು ಬಿಡಿಸಿದವರಲ್ಲಿ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್ ಮುಖ್ಯರು. ಅವರ ಪದಸಂಸ್ಕಾರಕಕ್ಕೆ ಪ್ರತ್ಯೇಕ ಕಾರ್ಡು ಬೇಕಿರಲಿಲ್ಲ. ಅದಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’, ಅಂದರೆ ವ್ಯಾಕರಣ, ಛಂದಸ್ಸುಗಳ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು. ತಂತ್ರಾಂಶಕ್ಕೆ ವೈಯಾಕರಣರೊಬ್ಬರ ಹೆಸರಿಟ್ಟ ನಿದರ್ಶನ ಬೇರೆ ಭಾಷೆಯಲ್ಲಿ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಅವರ ಕೀಲಿಮಣೆ ವಿನ್ಯಾಸವನ್ನೇ ಮುಂದೆ ಕರ್ನಾಟಕ ಸರ್ಕಾರ ಮಾನಕವಾಗಿ ಒಪ್ಪಿಕೊಂಡಿತು. ಇಂದು ‘ನುಡಿ’ಯಲ್ಲಿ ಬೆರಳಾಡಿಸುವವರೆಲ್ಲ ಅದರ ಋಣದಲ್ಲಿದ್ದಾರೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು.

ಆದರೆ ಡಿಟಿಪಿ ಅಂಗಡಿಗಳ ಕತೆಯೇ ಬೇರೆ. ಪುಟ ವಿನ್ಯಾಸ ಮಾಡುವವರಿಗೆ ಚಂದದ ಹತ್ತಾರು ಫಾಂಟುಗಳು ಬೇಕಿದ್ದವು, ಅವು ಖಾಸಗಿ ಕಂಪನಿಗಳ ತಂತ್ರಾಂಶಗಳಲ್ಲಿದ್ದವು, ಕಂಪನಿಗಳಿಗೆ ನಕಲಿನ ಭಯವಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಬೆರಳುದ್ದದ ಒಂದು ಪ್ಲಾಸ್ಟಿಕ್ ತುಂಡು. ಹೆಸರು ಡಾಂಗಲ್, ಅಂಗಡಿಯವರ ಬಾಯಲ್ಲಿ ‘ಲಾಕ್’. ಕಂಪ್ಯೂಟರಿನ ಹಿಂಬದಿಯಲ್ಲಿ ಪ್ರಿಂಟರಿಗೆಂದು ಇರುತ್ತಿದ್ದ ಇಪ್ಪತ್ತೈದು ರಂಧ್ರಗಳ ಪ್ಯಾರಲಲ್ ಪೋರ್ಟಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ತಂತ್ರಾಂಶ ತೆರೆಯುತ್ತಿತ್ತು. ಒಳಗಿನ ಸ್ಲಾಟಿನಲ್ಲಿ ಕೂತಿದ್ದ ಕನ್ನಡ ಹೀಗೆ ಹಿಂಬದಿಯ ಪೋರ್ಟಿಗೆ ಬಂದು ನಿಂತಿತು. ಜಾಗ ಬದಲಾಯಿತೇ ಹೊರತು ಮದರ್‌ಬೋರ್ಡಿನ ಋಣ ತೀರಲಿಲ್ಲ.

ನನ್ನ ಮೇಜಿನ ಮೇಲಿರುವುದು ಅಂಥದ್ದೇ ಒಂದು ಯಂತ್ರ. ಸೋದರಮಾವ ಕುಂದಾಪುರದ ಡಿಟಿಪಿ ಅಂಗಡಿ ಮುಚ್ಚಿದಾಗ ಅದು ಕೋಡಿಯ ನಮ್ಮ ಮನೆಗೆ ಬಂತು. ಕೋರ್ 2 ಡ್ಯುಯೋ ಪ್ರೊಸೆಸರ್, ಜಿ31 ಚಿಪ್‌ಸೆಟ್ಟಿನ ಬೋರ್ಡು, 2 ಜಿಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ, ಹಿಂದೆ ಲಾಕ್. ನಾನು ಪಿಎಚ್‌.ಡಿ.ಗೆ ಆರಿಸಿಕೊಂಡ ವಿಷಯ ಈ ಸೀಮೆಯ ಸಣ್ಣ ಮುದ್ರಣಗಳು: ಶಾಲೆಗಳ ಸ್ಮರಣ ಸಂಚಿಕೆ, ಬ್ರಹ್ಮಕಲಶೋತ್ಸವದ ಪುಸ್ತಿಕೆ, ಯಕ್ಷಗಾನ ಪ್ರಸಂಗಗಳ ಪ್ರತಿ. ಇವುಗಳಲ್ಲಿ ಬಹುಪಾಲು ಗ್ರಂಥಾಲಯ ಸೇರಿಲ್ಲ. ಹಂಚಿದ ಪ್ರತಿಗಳು ಗೆದ್ದಲಿಗೋ ಮಳೆಗೋ ಹೋದವು. ಉಳಿದಿರುವುದು ಈ ಹಾರ್ಡ್ ಡಿಸ್ಕಿನ ಕಡತಗಳಲ್ಲಿ. 1843ರಲ್ಲಿ ಕಲ್ಲಚ್ಚಿನಲ್ಲಿ ಬಂದ ‘ಮಂಗಳೂರ ಸಮಾಚಾರ’ವನ್ನು ನಾನು ಇಂದು ಓದಬಲ್ಲೆ. 2003ರ ಶಾಲಾ ಸಂಚಿಕೆಯನ್ನು ಓದಲು ಮಾತ್ರ ನನಗೆ ಒಂದು ಪ್ಯಾರಲಲ್ ಪೋರ್ಟ್ ಬೇಕು!

ಈಗ ಬೋರ್ಡಿನ ಸ್ಥಿತಿ. ಕೋಡಿಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿ. ಕಿಟಕಿಯ ಸರಳಿಗೇ ತುಕ್ಕು ಬಿಡದ ಉಪ್ಪುಗಾಳಿ ತೆಳು ತಾಮ್ರದ ಗೆರೆಗಳನ್ನು ಬಿಟ್ಟೀತೇ? ಅದಕ್ಕಿಂತ ದೊಡ್ಡ ತೊಂದರೆ ಪ್ರೊಸೆಸರಿನ ಪಕ್ಕದ ಕೆಪಾಸಿಟರುಗಳದ್ದು. ಒಳಗಿನ ದ್ರವ ಹಾಳಾದಾಗ ಅವುಗಳ ಚಪ್ಪಟೆ ತಲೆ ಉಬ್ಬುತ್ತದೆ. ಆಮೇಲೆ ಪ್ರೊಸೆಸರಿಗೆ ಸ್ಥಿರ ವಿದ್ಯುತ್ತು ಸಿಗದೆ ಯಂತ್ರ ನಡುವೆಯೇ ನಿಂತುಬಿಡುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಳಪೆ ಕೆಪಾಸಿಟರುಗಳಿಂದ ಜಗತ್ತಿನಾದ್ಯಂತ ಅಸಂಖ್ಯ ಬೋರ್ಡುಗಳು ಹೀಗೇ ಸತ್ತಿವೆ. ನನ್ನದರಲ್ಲಿ ಐದು ಉಬ್ಬಿವೆ.

ರಿಪೇರಿಯವರು ಮುಚ್ಚಳ ತೆಗೆದು ನೋಡಿ, “ಬೋರ್ಡ್ ಬದ್ಲ್ ಮಾಡ್ರೆ ಪ್ರೊಸೆಸರ್, ರ‍್ಯಾಮ್ ಎಲ್ಲ ಬದ್ಲ್ ಮಾಡ್ಕಾತ್ತ್ ಮಾರಾಯ್ರೆ” ಎಂದರು. ಅವರು ಹೇಳಿದ್ದು ನಿಜ. 1995ರಲ್ಲಿ ಇಂಟೆಲ್ ಗೊತ್ತುಮಾಡಿದ ಎಟಿಎಕ್ಸ್ ಅಳತೆಯಿಂದಾಗಿ ಇಂದಿನ ಬೋರ್ಡೂ ಹಳೆಯ ಪೆಟ್ಟಿಗೆಯ ಸ್ಕ್ರೂ ರಂಧ್ರಗಳಿಗೆ ಸರಿಯಾಗಿ ಕೂರುತ್ತದೆ. ಹೊಂದುವುದು ಅಷ್ಟೇ. 775 ಸಾಕೆಟ್ಟಿನ ಪ್ರೊಸೆಸರ್ ಹೊಸ ಸಾಕೆಟ್ಟಿಗೆ ಹೋಗದು, ಡಿಡಿಆರ್2 ರ‍್ಯಾಮಿನ ಕಚ್ಚು ಡಿಡಿಆರ್4ರ ಜಾಗಕ್ಕೆ ಸೇರದು. ಮೂರೂ ಕೊಂಡರೆ ಫೆಲೋಶಿಪ್ಪಿನ ಒಂದು ತಿಂಗಳ ದುಡ್ಡಿನ ದೊಡ್ಡ ಪಾಲು ಹೋಗುತ್ತದೆ. ಅದನ್ನಾದರೂ ಹೊಂದಿಸಬಹುದು. ಆದರೆ ಹೊಸ ಬೋರ್ಡಿನಲ್ಲಿ ಎಕ್ಸ್‌ಪಿ ನಡೆಯದು, ಪ್ಯಾರಲಲ್ ಪೋರ್ಟ್ ಇರದು. ಯುಎಸ್‌ಬಿಗೆ ಸಿಕ್ಕಿಸುವ ಪರಿವರ್ತಕ ಕೇಬಲ್ಲು ಪ್ರಿಂಟರಿಗೆಂದು ಮಾಡಿದ್ದು, ಅದರ ಮೂಲಕ ತಂತ್ರಾಂಶಕ್ಕೆ ಲಾಕ್ ಸಾಮಾನ್ಯವಾಗಿ ಕಾಣಿಸುವುದಿಲ್ಲ. ನಾನು ತಂದ ಕೇಬಲ್ಲಿನಲ್ಲೂ ಕಾಣಿಸಲಿಲ್ಲ.

ಕಡತಗಳನ್ನು ಹೊಸ ಕಂಪ್ಯೂಟರಿಗೆ ನಕಲಿಸಿಕೊಂಡರೆ ಆಗದೇ ಎಂದು ನೀವು ಕೇಳಬಹುದು. ನಕಲು ಎಂದೋ ಆಗಿದೆ, ಓದುವುದೇ ಕಷ್ಟ. ಆ ಕಡತಗಳಲ್ಲಿರುವುದು ಕನ್ನಡದ ಅಕ್ಷರಗಳಲ್ಲ, ಅಕ್ಷರದ ಚೂರುಗಳು. ಪ್ರತಿ ಕಂಪನಿಯೂ ತನ್ನ ಮನಸ್ಸಿಗೆ ಬಂದ ಸಂಖ್ಯೆಗಳನ್ನು ಅವಕ್ಕೆ ಕೊಟ್ಟಿದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಜಾಗ ಸಿಕ್ಕಿತ್ತು, 2001ರ ಎಕ್ಸ್‌ಪಿಯ ಜೊತೆ ‘ತುಂಗಾ’ ಎಂಬ ಯೂನಿಕೋಡ್ ಫಾಂಟೂ ಬಂದಿತ್ತು. ಅಂಗಡಿಗಳು ಮಾತ್ರ ಬಹುಕಾಲ ಹಳೆಯ ಫಾಂಟುಗಳನ್ನೇ ಹಿಡಿದವು. ಪರಿವರ್ತಕಗಳು ‘ನುಡಿ’, ‘ಬರಹ’ಗಳಿಗೆ ಚೆನ್ನಾಗಿವೆ, ಉಳಿದವುಗಳಲ್ಲಿ ಎಡವುತ್ತವೆ. ‘ಸೂರ್ಯ’ ಎಂಬ ಪದ ಹಳೆಯ ಕಡತದಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿದೆ: ಸೂ, ಯ, ಕೊನೆಗೆ ಅರ್ಕಾವೊತ್ತು. ಯೂನಿಕೋಡ್ ಉಚ್ಚಾರದ ಕ್ರಮ ಕೇಳುತ್ತದೆ: ರಕಾರ ಮೊದಲು, ಯಕಾರ ಆಮೇಲೆ. ಈ ಅದಲುಬದಲು ತಪ್ಪಿದರೆ ಪ್ರಸಂಗದ ಪದ್ಯಗಳಲ್ಲಿ ಮಾತ್ರೆಯೇ ಕೆಡುತ್ತದೆ. ಸರಿಯೋ ತಪ್ಪೋ ಎಂದು ತಾಳೆ ನೋಡಲು ಮೂಲ ಪುಟ ಪರದೆಯ ಮೇಲೆ ಕಾಣಬೇಕು, ಅದಕ್ಕೆ ಲಾಕ್ ಬೇಕು, ಲಾಕಿಗೆ ಈ ಬೋರ್ಡೇ ಬೇಕು.

ಆದ್ದರಿಂದ ಬೋರ್ಡು ಬದಲಿಸುವುದಿಲ್ಲ. ಐದು ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸುಗೆ ಹಾಕಲು ರಿಪೇರಿಯವರು ಒಪ್ಪಿದ್ದಾರೆ. ಎಕ್ಸ್‌ಪಿಗೆ 2014ರ ಏಪ್ರಿಲಿನಿಂದ ಸುರಕ್ಷತೆಯ ಅಪ್‌ಡೇಟು ನಿಂತಿರುವುದರಿಂದ ಯಂತ್ರಕ್ಕೆ ಇಂಟರ್‌ನೆಟ್ ಕೊಡುವುದಿಲ್ಲ. ಮಳೆಗಾಲದ ಮಿಂಚು ಶುರುವಾಗುವ ಮೊದಲು ಒಂದೊಂದೇ ಕಡತ ತೆರೆದು ಪಿಡಿಎಫ್ ಮಾಡುತ್ತೇನೆ, ಪಠ್ಯದ ಪರಿವರ್ತನೆ ಆಮೇಲೆ. ಅಚ್ಚಾದ ಪ್ರತಿ ಎಲ್ಲೂ ಸಿಗದ ಶಾಲಾ ಸಂಚಿಕೆಗಳು ಮೊದಲು, ಪ್ರಸಂಗಗಳು ಎರಡನೆಯದು. ಮದುವೆ ಕಾಗದಗಳ ಫೋಲ್ಡರನ್ನು ಅಳಿಸಿಬಿಡು ಎಂದು ಮಾವ ಹೇಳಿದ್ದಾರೆ. ಅದರಲ್ಲಿ ಯಾವ ಮನೆಯವರು ಯಾವ ಊರಿನಲ್ಲಿ ಹೋಟೆಲು ಇಟ್ಟರು, ಮುಂಬಯಿಯ ಯಾವ ಬೀದಿಯಲ್ಲಿದ್ದರು ಎಂಬುದೆಲ್ಲ ವರ್ಷವಾರು ಇದೆ. ಅದನ್ನು ಮೂರನೆಯದಾಗಿ ಇಟ್ಟುಕೊಂಡಿದ್ದೇನೆ.